ಹೆಂಡತಿ ನೀರೊಳಗೆ, ನಾನು ದೋಣಿಯಲ್ಲಿ

ಮಂಗಳೂರಿನವರೆಲ್ಲ ಹುಟ್ಟುವಾಗಲೇ ಈಜು ಕಲಿತು ಬಂದಿರುತ್ತಾರೆ ಎಂಬುದು ಘಟ್ಟದ ಮೇಲಿನವರ ನಂಬಿಕೆ. ನನ್ನನ್ನು ನೀರಿಗೆ ತಳ್ಳಿ ನೋಡಿದರೆ ಆ ನಂಬಿಕೆ ನನಗಿಂತ ಮೊದಲು ಮುಳುಗೀತು. ಕಡಲಿನೊಂದಿಗೆ ನನ್ನ ಒಡನಾಟ ಬಂಗುಡೆ ಮೀನಿನ ಸಾರಿನ ಬಟ್ಟಲಿನಷ್ಟೇ ಆಳದ್ದು. ಬೀಚಿಗೆ ಹೋದರೂ ಪ್ಯಾಂಟು ಮಡಚಬೇಕಾದಷ್ಟು ನೀರಿಗೆ ಇಳಿದವನಲ್ಲ. ಸಾಲದ್ದಕ್ಕೆ ಬಲ್ಮಠದ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಯಾರಿಗೆ ಎಲ್ಲಿ ಏನು ಅನಾಹುತವಾದೀತು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಇಂಥ ನಾನು ಕಳೆದ ಚಳಿಗಾಲದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಲಕ್ಷದ್ವೀಪದ ನೀರಿಗೆ ಇಳಿದೆ. ಇಳಿಸಿದವಳು ನನ್ನ ಹೆಂಡತಿ ಶಶಿಕಲಾ.

ಅವಳ ಅಪ್ಪ ಬಂದರಿನಿಂದ ದ್ವೀಪಗಳಿಗೆ ಅಕ್ಕಿ, ಹಂಚು, ಈರುಳ್ಳಿ ಸಾಗಿಸುವ ಮಂಜಿಯಲ್ಲಿ, ಎಂದರೆ ಮರದ ಸರಕು ಹಡಗಿನಲ್ಲಿ, ಕೆಲಸಕ್ಕಿದ್ದರು. ಶಶಿಕಲಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಹೊರಟ ಮಂಜಿ ದ್ವೀಪಕ್ಕೂ ಮುಟ್ಟಲಿಲ್ಲ, ವಾಪಸೂ ಬರಲಿಲ್ಲ. ಯಾರ ಶವವೂ ಸಿಗಲಿಲ್ಲ. ನನ್ನ ಅತ್ತೆ ಮಾತ್ರ ಬೊಜ್ಜ ಮಾಡಿಸಲು, ಅಂದರೆ ಉತ್ತರಕ್ರಿಯೆಗೆ, ಕೊನೆಯವರೆಗೂ ಒಪ್ಪಲಿಲ್ಲ. ಹಿರಿಯರು ಯಾರಾದರೂ ಬುದ್ಧಿ ಹೇಳಲು ಬಂದರೆ, "ಸತ್ತದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡ್ಲಿಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದರು. ಹಣೆಯ ಕುಂಕುಮ, ಕೈಯ ಬಳೆ ಹಾಗೆಯೇ ಉಳಿದವು. ಕಳೆದ ವರ್ಷ ಅವರು ತೀರಿಕೊಂಡದ್ದೂ ಮುತ್ತೈದೆಯಾಗಿಯೇ.

ಅತ್ತೆಯ ಬೊಜ್ಜ ಮುಗಿದು ನೆಂಟರು ಹೊರಟ ಮೇಲೆ, ಪಡೀಲಿನ ನಮ್ಮ ಮನೆಯ ಜಗಲಿಯಲ್ಲಿ ಶಶಿಕಲಾ ಬಾಡಿಗೆ ಪಾತ್ರೆ ಒರೆಸುತ್ತಾ ಹೇಳಿದಳು, "ಅಪ್ಪನದ್ದೂ ಮಾಡಿ ಮುಗಿಸುವ. ಆದ್ರೆ ಅದಕ್ಕಿಂತ ಮೊದ್ಲು ನನಗೊಮ್ಮೆ ಆ ಕಡಲಿನ ಅಡಿ ನೋಡ್ಬೇಕು."

"ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?"

"ಗೊತ್ತಿಲ್ಲ. ಅದಕ್ಕೇ ನೋಡ್ಬೇಕು."

ಅವಳ ಮೊಬೈಲಿನಲ್ಲಿ ಸ್ಕೂಬಾ ಡೈವಿಂಗಿನ ವಿಡಿಯೋಗಳು ಆಗಲೇ ತುಂಬಿದ್ದವು. ಈಜು ಬಾರದವರನ್ನೂ ಕೈ ಹಿಡಿದು ಇಳಿಸುತ್ತಾರಂತೆ. ನಾನು ಕಚೇರಿಯ ಅನುಭವವನ್ನೆಲ್ಲ ಬಳಸಿ ಸಾಧ್ಯವಿರುವ ಅಪಾಯಗಳನ್ನು ವಿವರಿಸಿದೆ. ಅವಳು ಮೀನು ಶುದ್ಧಮಾಡುತ್ತಾ ಪೂರ್ತಿ ಕೇಳಿಸಿಕೊಂಡು, "ಆಯ್ತು ಮಾರಾಯ್ರೆ, ನೀವು ಬರುದು ಬೇಡ," ಎಂದಳು. ಇದಾದ ಮೇಲೆ ಹೋಗದಿರುವುದು ಹೇಗೆ? ಅಂದಿನಿಂದ ಬಚ್ಚಲಿನಲ್ಲಿ ಬಕೆಟಿಗೆ ಮುಖ ಮುಳುಗಿಸಿ ಉಸಿರು ಹಿಡಿಯುವ ಅಭ್ಯಾಸಕ್ಕೆ ತೊಡಗಿದೆ. ಹೊರಗಿನಿಂದ ಶಶಿಕಲಾ ಬಾಗಿಲು ಬಡಿದು, "ಜೀವ ಉಂಟಾ?" ಎಂದು ವಿಚಾರಿಸುತ್ತಿದ್ದಳು.

ಲಕ್ಷದ್ವೀಪ ಮುಟ್ಟಿದ ಮೇಲೆ ದ್ವೀಪದಿಂದ ದ್ವೀಪಕ್ಕೆ ನಮ್ಮನ್ನು ಒಯ್ದದ್ದು ಹಾಯಿದೋಣಿ. ಹಾಯಿಗೆ ಗಾಳಿ ತುಂಬಿದ ಕೂಡಲೇ ನನ್ನ ಹೊಟ್ಟೆ ಖಾಲಿಯಾಯಿತು. ಶಶಿಕಲಾ ಮುಂದಿನ ತುದಿಯಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದಳು. ಹಸಿರಿದ್ದ ನೀರು ನೀಲಿಯಾಗಿ, ನೀಲಿ ಕಪ್ಪಾಗುವ ಕಡೆ ಬಂದಾಗ ಅವಳ ಕೈ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದದ್ದನ್ನು ಕಂಡೆ. ಏನಾದರೂ ಸಮಾಧಾನ ಹೇಳೋಣವೆಂದರೆ ನನಗೆ ಮತ್ತೆ ವಾಂತಿ ಬಂತು.

ಡೈವಿಂಗ್ ಹೇಳಿಕೊಡುವ ಹನೀಫ್ ನಮ್ಮ ಉಳ್ಳಾಲದ ಕಡೆಯವನೇ. ಹವಳದ ದಿಬ್ಬದ ಬಳಿ ಲಂಗರು ಹಾಕಿ, ನೀರಿನೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ ಎಂದು ಪಾಠ ಮಾಡಿದ. ಸೀರೆ ಬಿಟ್ಟು ಬೇರೇನನ್ನೂ ಉಡದ ನನ್ನ ಹೆಂಡತಿ ಮೈಗಂಟುವ ಕರಿ ರಬ್ಬರ್ ದಿರಿಸಿನಲ್ಲಿ ನಿಂತು ಒಂದೊಂದನ್ನೂ ಗಮನವಿಟ್ಟು ಕೇಳಿದಳು. ನಾನು ನನ್ನ ಹೊಟ್ಟೆಯನ್ನು ಆ ದಿರಿಸಿನೊಳಗೆ ಸೇರಿಸುವ ಗಡಿಬಿಡಿಯಲ್ಲಿದ್ದೆ. ನೀರಿಗಿಳಿದಾಗ ಹನೀಫ್ 'ಹೇಗಿದೆ' ಎಂದು ಸನ್ನೆ ಮಾಡಿದ. ಹೆಂಡತಿಯ ಎದುರಿಗೆ ಹೆದರಿಕೆ ತೋರಿಸಬಾರದೆಂದು ಹೆಬ್ಬೆರಳೆತ್ತಿ ತೋರಿಸಿದೆ. ಅವನು ತಟಕ್ಕನೆ ನನ್ನನ್ನು ಮೇಲಕ್ಕೆ ತಂದ. ಮತ್ತೆ ಇಳಿಸಿದ, ಮತ್ತೆ ಹೆಬ್ಬೆರಳೆತ್ತಿದೆ, ಮತ್ತೆ ಮೇಲಕ್ಕೆ ಬಂದೆ.

"ಎಂತ ಅಣ್ಣ ನೀವು? ಹೆಬ್ಬೆರಳು ಎತ್ತಿದ್ರೆ 'ನನ್ನನ್ನು ಮೇಲೆ ಕರ್ಕೊಂಡು ಹೋಗು' ಅಂತ ಅರ್ಥ!"

"ನಾನು ಧೈರ್ಯ ಉಂಟು ಅಂತ ಹೇಳಿದ್ದು ಮಾರಾಯ."

ಮೂರನೆಯ ಸಲ ಕಿವಿಯೊಳಗೆ ಮೊಳೆ ಹೊಡೆದಂತಾಗಿ ನಿಜಕ್ಕೂ ಹೆಬ್ಬೆರಳೆತ್ತಿದೆ. ಹನೀಫ್ ಮೃದುವಾಗಿ, "ಅಣ್ಣ, ನೀವು ದೋಣಿಯಲ್ಲಿ ಕೂತ್ಕೊಳ್ಳಿ. ಅಕ್ಕನನ್ನು ನಾನು ನೋಡ್ಕೊಳ್ತೇನೆ," ಎಂದ. ಶಶಿಕಲಾ ನನ್ನ ಕಡೆಗೊಮ್ಮೆ ನೋಡಿ, ಅವನ ಕೈ ಹಿಡಿದು, ನೀರಿನೊಳಗೆ ಇಲ್ಲವಾದಳು.

ಮೊದಮೊದಲು ಅವಳ ಉಸಿರಿನ ಗುಳ್ಳೆಗಳು ಮೇಲೆ ಬಂದು ಒಡೆಯುವುದು ಕಾಣುತ್ತಿತ್ತು. ಆಮೇಲೆ ಗಾಳಿಯೆದ್ದು ನೀರೆಲ್ಲ ಸುಕ್ಕಾಯಿತು. ಗುಳ್ಳೆ ಯಾವುದು, ಅಲೆ ಯಾವುದು ತಿಳಿಯದಾಯಿತು. "ಎಲ್ಲಿ? ಅವ್ರೆಲ್ಲಿ?" ಎಂದು ದೋಣಿ ನಡೆಸುವವನನ್ನು ಕೇಳಿದೆ. ನನ್ನ ಭಾಷೆ ತಿಳಿಯದ ಅವನು ಕುಳಿತುಕೊಳ್ಳುವಂತೆ ಕೈಮಾಡಿದ. ಕುಳಿತೆ, ಎದ್ದೆ, ಇನ್ನೊಂದು ಬದಿಗೆ ಹೋಗಿ ಬಗ್ಗಿದೆ. ಅವಳು ಹೋಗಿ ಒಂದು ಚಹಾ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. ಅತ್ತೆ ಪ್ರತಿ ಸಲ ಬಂದರಿಗೆ ಮೀನಿಗೆ ಹೋದಾಗಲೂ ಮೊದಲು ಮಂಜಿಗಳು ನಿಲ್ಲುವ ಹೊಳೆಯ ಅಂಚಿಗೆ ಹೋಗಿ, ಸ್ವಲ್ಪ ನಿಂತು, ಆಮೇಲೆಯೇ ಬುಟ್ಟಿಗಳ ಕಡೆ ತಿರುಗುತ್ತಿದ್ದರು. ಒಂದು ಆಯುಷ್ಯವಿಡೀ ಅವರು ಅದು ಹೇಗೆ ನಿಂತರೋ! ನಾನು ಆ ಖಾಲಿ ನೀರಿಗೆ, "ಶಶೀ, ಸಾಕು, ಬಾ!" ಎಂದು ಕೂಗಿಯೇಬಿಟ್ಟೆ.

ಕೂಗು ಕೇಳಿ ಅಲ್ಲ, ಸಮಯ ಮುಗಿದು ಅವಳು ಬಂದಳು. ಮುಖದ ತುಂಬ ಕನ್ನಡಕದ ಗುರುತು. ಹಲಗೆಯ ಮೇಲೆ ಕುಳಿತು ಕೂದಲಿನ ನೀರು ಹಿಂಡಿದಳು.

"ಕತ್ತಲೆ ಇಲ್ಲ ಮಾರಾಯ್ರೆ," ಎಂದಳು. "ಬೆಳಕುಂಟು. ಸಣ್ಣದರಿಂದ ನಾನು ಅಲ್ಲಿ ಬರೀ ಕತ್ತಲೆ ಅಂತ ಎಣಿಸಿದ್ದೆ."

ಇದು ದಂಡೆಯ ಆಳವಿಲ್ಲದ ನೀರು, ಮಂಜಿ ಮುಳುಗಿದ ಕಡಲಿನ ಆಳಕ್ಕೆ ಬಿಸಿಲು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ತಪ್ಪು ಕಂಡಲ್ಲಿ ತಿದ್ದದೆ ಬಿಟ್ಟವನಲ್ಲ ನಾನು. ನಾಲಗೆ ತುರಿಸಿತು, ಕಚ್ಚಿ ಹಿಡಿದೆ.

ಅವಳೇ ನನ್ನ ಮುಖ ನೋಡಿ ಹೇಳಿದಳು, "ಆಳದಲ್ಲಿ ಬೆಳಕು ಇರುದಿಲ್ಲ ಅಂತ ನನಗೂ ಗೊತ್ತುಂಟು. ನೀವು ಹೇಳ್ಬೇಡಿ." ಆಮೇಲೆ, ತಾಯಿಯ ಬೊಜ್ಜದಲ್ಲೂ ಅಳದಿದ್ದವಳು, ನನ್ನ ಒದ್ದೆ ಭುಜಕ್ಕೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಊರಿಗೆ ಬಂದು ಮಾವನ ಬೊಜ್ಜ ಮಾಡಿದೆವು. ಎಲೆಗೆ ಏನೇನು ಬಡಿಸುವುದೆಂಬ ಮಾತು ಬಂದಾಗ ಶಶಿಕಲಾ, "ಕೋಳಿ ಸಾಕು, ಮೀನು ಬೇಡ," ಎಂದಳು. ನಾನು ಪಟ್ಟಿಯಿಂದ ಬಂಗುಡೆಯನ್ನು ಹೊಡೆದುಹಾಕಿದೆ.

ಈಗ ಅವಳಿಗೆ ಈಜಿನ ಹುಚ್ಚು. ದಿನಾ ಬೆಳಿಗ್ಗೆ ಈಜುಕೊಳದ ತರಗತಿಗೆ ಹೋಗುತ್ತಾಳೆ. ಬಿಡಲು ಹೋದವನು ವಾಪಸು ಬರಲು ಮನಸ್ಸಾಗದೆ, ಅವಳ ತಲೆ ನೀರಿನ ಮೇಲಿದೆಯೇ ಎಂದು ನೋಡುತ್ತಾ, ಟವೆಲ್ ಹಿಡಿದು ಬೆಂಚಿನಲ್ಲಿ ಕುಳಿತಿರುತ್ತೇನೆ. ಅಲ್ಲಿ ಕಾಯುವವರೆಲ್ಲ ಶಾಲೆಯ ಮಕ್ಕಳ ತಾಯಂದಿರು. ಮೊನ್ನೆ ಹೊಸದಾಗಿ ಬಂದ ಒಬ್ಬರು ಪಕ್ಕದಲ್ಲಿ ಕುಳಿತು, "ನಿಮ್ಮ ಮಗು ಯಾವುದು?" ಎಂದು ಕೇಳಿದರು. ಕೊಳದ ನಡುವೆ ಕೈಕಾಲು ಬಡಿಯುತ್ತಿದ್ದ, ತಲೆ ನರೆತವಳನ್ನು ತೋರಿಸಿದೆ.

ಅವರು ಆ ಕಡೆ ನೋಡಿದರು, ನನ್ನ ಕೈಯ ಟವೆಲ್ ನೋಡಿದರು. "ಹೆದರ್ಬೇಡಿ," ಎಂದರು, "ಮೊದ್ಲು ಎಲ್ಲರಿಗೂ ಹಾಗೇ ಆಗ್ತದೆ."