ಮೂರು ಸೀಸೆಯ ಮಾವ

ನಮ್ಮ ಸೋದರತ್ತೆಯ ಗಂಡ ಇಡೀ ಜನ್ಮದಲ್ಲಿ ಒಂದು ದಿನವೂ ಬಿಸಿ ಊಟ ಮಾಡಿದವರಲ್ಲ. ಅತ್ತೆ ಬಡಿಸಲು ತಡಮಾಡುತ್ತಿದ್ದರೇ? ಛೆ! ಬಡಿಸಿದ್ದನ್ನು ಮಾವ ಪರೀಕ್ಷಿಸಿ ಮುಗಿಸುವ ಹೊತ್ತಿಗೆ ಅದು ಆರಿ ತಣ್ಣಗಾಗಿರುತ್ತಿತ್ತು!

ಮೂವತ್ತರ ದಶಕದಲ್ಲಿ ಮಾವ ಕೊಯಮತ್ತೂರಿನ ಒಂದು ಪ್ರಯೋಗಶಾಲೆಯಲ್ಲಿದ್ದರು. ಹಾಲು, ತುಪ್ಪ, ಕಾಂಗೇಯಂ ಕಡೆಯ ಎಣ್ಣೆ, ಇವುಗಳಲ್ಲಿ ಬೆರಕೆ ಹುಡುಕುವುದು ಉದ್ಯೋಗ. ಯಾವ ಪದಾರ್ಥ ಬಂದರೂ ಮೂರು ಸೀಸೆಗೆ ತುಂಬಬೇಕು: ಒಂದು ಪರೀಕ್ಷೆಗೆ, ಒಂದು ಕಪಾಟಿಗೆ, ಒಂದು ಪದಾರ್ಥದ ಒಡೆಯನಿಗೆ. ಆಮೇಲೆ ಏನು, ಎಲ್ಲಿಯದು, ಯಾರು ತಂದದ್ದು ಎಂದು ದಪ್ಪ ಪುಸ್ತಕದಲ್ಲಿ ಬರೆಯಬೇಕು. ಆ ನಿಯಮ ಅಲ್ಲೇ ಇದ್ದಿದ್ದರೆ ಯಾರಿಗೇನು ಕಷ್ಟ? ಮಾವ ಅದನ್ನು ಮನೆಗೂ ತಂದರು. ಅತ್ತೆಯ ಮಜ್ಜಿಗೆಹುಳಿ ಅರಗಿನ ಮುದ್ರೆ ಹಾಕಿಸಿಕೊಂಡು ಕಪಾಟಿನಲ್ಲಿ ಕೂತಿತು! ಹೋಲಿಸಲು ಪಕ್ಕದಲ್ಲಿ ಬರೀ ನೀರಿನ ಸೀಸೆ ಬೇರೆ. ಪುಸ್ತಕದಲ್ಲಿ ಒಂದು ಕಾಲಂ ಖಾಲಿ ಬಿಟ್ಟವನು ಅವರ ದೃಷ್ಟಿಯಲ್ಲಿ ಹಾಲಿಗೆ ನೀರು ಸುರಿದವನಿಗಿಂತ ಕೀಳು.

"ಇಷ್ಟೆಲ್ಲ ಸೋದನೆ ಮಾಡ್ತೀರಿ, ನನ್ನ ಕಟ್ಟಿಕೊಳ್ಳುವಾಗ ಎಲ್ಲಿ ಹೋಗಿತ್ತು ಈ ಬುದ್ಧಿ?" ಎಂದು ಅತ್ತೆ ಒಮ್ಮೆ ಕೇಳಿದರು.

"ಎರಡನೇ ಸ್ಯಾಂಪಲ್ ಸಿಗಲಿಲ್ಲ," ಎಂದರು ಮಾವ, ತಲೆ ಎತ್ತದೆ.

ನಾನೋ, ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ಕರುಮತ್ತಂಪಟ್ಟಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆಯಾದಾಗ ಊಟದ ಉಸ್ತುವಾರಿ ನನ್ನದು. ಹನ್ನೊಂದೂವರೆಗೆ ಎಲೆ ಎಂದರೆ ಹನ್ನೊಂದೂವರೆಗೆ ಎಲೆ. ಗಂಡಿನ ಕಡೆಯವರು ಕೂತರು, ಅನ್ನ ಬಂತು, ಸಾರು ಮಾತ್ರ ಬರಲಿಲ್ಲ. ಹೋಗಿ ನೋಡಿದರೆ ಮಾವ ಕೊಪ್ಪರಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ಬಟ್ಟಲು ಸಾರಿನಲ್ಲಿ ಕಬ್ಬಿಣದ ಮೊಳೆ ಅದ್ದಿದ್ದಾರೆ! ಇನ್ನೊಂದು ಮೊಳೆ ನೀರಿನಲ್ಲಿ.

ಅಷ್ಟರಲ್ಲಿ ಗಂಡಿನ ಚಿಕ್ಕಪ್ಪ ಎದ್ದು ಬಂದರು. "ಏನ್ ಸಂಬಂದಿ, ನಮಗೆ ಇಕ್ಕೋ ಸಾರಿನ ಮೇಲೆ ನಿಮ್ಮೋರಿಗೇ ಸಂದೇಗವಾ? ಇನ್ನು ಕಾಲು ಗಳಿಗೆ ನೋಡ್ತೀನಿ. ಆಮೇಲೆ ಮಾಪಿಳ್ಳೆಯ ಎಬ್ಬಿಸ್ಕೊಂಡು ಕೆಳಂಬಿಡ್ತೀವಿ."

ಮದುಮಗನನ್ನೇ ಎಬ್ಬಿಸಿಕೊಂಡು ಹೊರಟುಬಿಡುವ ಮಾತು ಕೇಳಿ ತಂಗಿ ಅಳತೊಡಗಿದಳು. ನಾನು ಮಾವನ ರಟ್ಟೆ ಹಿಡಿದೆಳೆದೆ. ಅವರು ಅಲುಗದೆ ಹೊಸ ಮೊಳೆ ತೆಗೆದು ಮತ್ತೊಮ್ಮೆ ಅದ್ದಿದರು. ಒಂದೇ ಸಲ ನೋಡಿದ್ದು ಪರೀಕ್ಷೆಯೇ ಅಲ್ಲವಂತೆ!

ನೀರಿನ ಮೊಳೆ ಇದ್ದ ಹಾಗೇ ಇತ್ತು. ಸಾರಿನ ಎರಡು ಮೊಳೆಗಳೂ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಮೈಲುತುತ್ತ! ನೂಲಿಗೆ ಹಚ್ಚುವ ಗಂಜಿ ಬೂಷ್ಟು ಹಿಡಿಯದಂತೆ ನಾವು ನೇಯುವವರು ಬೆರೆಸುವ ವಿಷ. ಮಾವ ಮೂರು ಸೀಸೆ ತುಂಬಿಕೊಂಡು ಕೊಪ್ಪರಿಗೆಯನ್ನೇ ಮಗುಚಿದರು. ಮೊಳೆಗಳನ್ನು ನೋಡಿದ ಮೇಲೆ ಆ ಚಿಕ್ಕಪ್ಪ ಹೋಗಿ ಎಲೆಯ ಮುಂದೆ ಕೂತು, ಮಜ್ಜಿಗೆಯಲ್ಲೇ ಊಟ ಮುಗಿಸಿದರು. ಮದುವೆ ಉಳಿಯಿತು.

"ಈ ಕೊಪ್ಪರಿಗೆ ಯಾರು ತಂದದ್ದು?" ಎಂದು ಮಾವ ಮೆಲ್ಲಗೆ ಕೇಳಿದರು.

ನಾನು ಗಡಿಯಾರ ನೋಡಿದೆ. ಬೆಳಿಗ್ಗೆ ಪಾತ್ರೆ ಸಾಲದೆ, ನೂಲಿನ ಗಂಜಿ ಕಾಯಿಸುವ ಚಪ್ಪರದಿಂದ ಅದನ್ನು ತರಿಸಿದವನು ನಾನೇ. ಹನ್ನೊಂದೂವರೆ ತಪ್ಪಬಾರದೆಂದು ಒಂದೇ ಸಲ ತೊಳೆಸಿ ಒಲೆಗೇರಿಸಿದವನೂ ನಾನೇ.

ಸಂಜೆ ಕದ್ದು ಅವರ ಪುಸ್ತಕ ತೆರೆದೆ. ಪದಾರ್ಥ: ಸಾರು. ಸ್ಥಳ: ಮದುವೆ ಮನೆ. ಬೆರಕೆ: ಮೈಲುತುತ್ತ. ತಂದವರು ಯಾರು ಎಂಬ ಕಾಲಂ ಖಾಲಿಯಿತ್ತು. ಹಿಂದಿನ ಹಾಳೆಗಳನ್ನೆಲ್ಲ ತಿರುವಿದೆ, ಅಂಥದು ಇನ್ನೊಂದಿರಲಿಲ್ಲ.

ಒಡೆಯನ ಪಾಲಿನ ಸೀಸೆ ಮಾತ್ರ, ಅರಗಿನ ಮುದ್ರೆ ಸಮೇತ, ನನ್ನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಪಂಚೆಗಳ ನಡುವೆ ಇತ್ತು.