ಬೂಷ್ಟಪ್ಪನ ಎರಡು ಸಾಲು

“ಆ ಮನೇಲಿ ಅನ್ನಕ್ಕೆ ಬೂಷ್ಟು ಹಿಡಿದ್ರೆ ಗಂಡ ಕುಣೀತಾನೆ, ಹೆಂಡತಿ ಕುದೀತಾಳೆ” ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೂವತ್ತು ವರ್ಷ ಬೇರೆಯವರ ಬೂಷ್ಟಿನ ಸೀಸೆ ತೊಳೆದು ನಿವೃತ್ತನಾದ ಬೂಷ್ಟಪ್ಪನಿಗೆ (ಹೆತ್ತವರಿಟ್ಟ ಹೆಸರು ಅವನಿಗೇ ಮರೆತಿತ್ತು) ಇದ್ದದ್ದು ಒಂದೇ ಆಸೆ: ತನ್ನದೇ ಒಂದು ಪ್ರಯೋಗ ಗೆಲ್ಲಬೇಕು, ಕೇಂದ್ರದಲ್ಲಿ ತನಗೂ ಒಂದು ಮೇಜು ಸಿಗಬೇಕು.

ಕೇಂದ್ರದ ಸಾಹೇಬರನ್ನು ಕಾಡಿ ಬೇಡಿ ಸಿಂಪಡಿಸುವ ಯಂತ್ರವನ್ನೂ ಒಂದು ಜಾತಿಯ ಬೂಷ್ಟನ್ನೂ ತಂದಿದ್ದ. ಆ ಬೂಷ್ಟು ಕಳೆಯನ್ನು ಮಾತ್ರ ಕೊಲ್ಲುತ್ತದೆ, ಬೆಳೆಯ ತಂಟೆಗೆ ಹೋಗುವುದಿಲ್ಲ. ಬೆಂದ ಅನ್ನದ ಮೇಲೆ ಬೆಳೆಸಿ, ನೀರಿನಲ್ಲಿ ಕದಡಿ, ಸಂಜೆ ತಂಪಿನಲ್ಲಿ ಎಲೆಗಳಿಗೆ ಸಿಂಪಡಿಸಬೇಕು.

“ರೀ, ಈ ಪಾತ್ರೇಲಿ ನಾನು ಹಾಲು ಕಾಯಿಸ್ಬೇಕು!”

“ಮುಟ್ಬೇಡ ಕಣೇ, ಅದ್ರಲ್ಲಿ ಸೈನ್ಯ ಮಲಗಿದೆ.”

“ಅರ್ಧ ಗಂಟೇಲಿ ಕಿತ್ತು ಬಿಸಾಡೋ ಕಳೆಗೆ ಸೈನ್ಯ ಬೇರೆ ಕೇಡು!”

“ನಿನ್ನ ಸೊಂಟ ಉಳೀಲಿ ಅಂತ ತಾನೇ ಇಷ್ಟೆಲ್ಲಾ?”

“ನನ್ನ ಸೊಂಟ ನೆಟ್ಟಗೇ ಇದೆ. ಮೊದಲು ನನ್ನ ಪಾತ್ರೆ ಬಿಡಿ.”

ಹಿತ್ತಿಲ ಈರುಳ್ಳಿಯಲ್ಲಿ ಬೂಷ್ಟಪ್ಪ ಎರಡು ಸಾಲು ಗುರುತು ಮಾಡಿದ. ಒಂದಕ್ಕೆ ಸಿಂಪಡಿಸಿದ, ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಟ್ಟ. ಹತ್ತೇ ದಿನ! ಮೊದಲ ಸಾಲಿನ ಕಳೆ ಮೈತುಂಬ ಕಂದು ಚುಕ್ಕೆ ಬಿದ್ದು ತಲೆ ಬಾಗಿಸಿತು. ಎರಡನೆಯದರಲ್ಲಿ ಮೊಣಕಾಲೆತ್ತರ ಬೆಳೆದು ಮೆರೆಯಿತು. ಬೂಷ್ಟಪ್ಪ ಮೀಸೆ ತಿರುವಿಕೊಂಡು, ಸಾಹೇಬರನ್ನು ಕರೆತರಲು ಬೆಳಗ್ಗೆಯೇ ಹೊರಟ.

ಮರಳಿ ಬಂದು ನೋಡುತ್ತಾನೆ, ಎರಡೂ ಸಾಲು ಬಾಚಿದ ತಲೆಯಂತೆ ಚೊಕ್ಕಟ!

“ಯಾವುದಕ್ಕಪ್ಪಾ ಸಿಂಪಡಿಸಿದ್ದು?” ಸಾಹೇಬರು ಕೇಳಿದರು.

“ಇದಕ್ಕೆ, ಸಾರ್.”

“ಹಾಗೇ ಬಿಟ್ಟಿದ್ದು?”

“ಅದು...” ಬೂಷ್ಟಪ್ಪ ಪಕ್ಕದ ಸಾಲಿನತ್ತ ಬೆರಳು ತೋರಿಸಿದ.

“ಅದ್ರಲ್ಲೂ ಒಂದು ಕಳೆ ಇಲ್ವಲ್ಲಯ್ಯಾ!”

ಮಣ್ಣಾದ ಕೈ ಒರೆಸಿಕೊಳ್ಳುತ್ತ ಹೆಂಡತಿ ಬಂದಳು. “ದೊಡ್ಡೋರು ಬರ್ತಾರೆ ಅಂದ್ರು. ಬಂದೋರಿಗೆ ಕಳೆ ತೋರಿಸಿ ಮಾನ ಕಳ್ಕೊಳ್ಳೋದಾ? ಎರಡೂ ಸಾಲು ಕಿತ್ತು ಹಸುಗೆ ಹಾಕ್ದೆ.”

ಕೊಟ್ಟಿಗೆಯಲ್ಲಿ ಹಸು ಬೂಷ್ಟಪ್ಪನ ಸಾಕ್ಷ್ಯಾಧಾರಗಳನ್ನು ಸಾವಕಾಶವಾಗಿ ಮೆಲುಕು ಹಾಕುತ್ತಿತ್ತು.

ಸಾಹೇಬರು ಸಾಲುಗಳ ನಡುವೆ ಬಗ್ಗಿ ನೋಡಿದರು. ಒಂದು ಈರುಳ್ಳಿಯೂ ಅಲುಗಿರಲಿಲ್ಲ, ಕಳೆಯ ಒಂದು ಬೇರೂ ಉಳಿದಿರಲಿಲ್ಲ.

“ಅಮ್ಮಾ, ನಮ್ಮ ಕೇಂದ್ರದ ಹೊಲದಲ್ಲೇ ಕಳೆ ಆಳೆತ್ತರ ನಿಂತಿದೆ. ಆಳುಗಳಿಗೆ ಹೇಳಿಕೊಡೋರಿಲ್ಲ. ಮೇಸ್ತ್ರಿಯಾಗಿ ಬರ್ತೀರಾ?”

“ಅದಕ್ಕೇನು, ಬರ್ತೀನಿ. ಅಡುಗೆ ಇವರು ನೋಡ್ಕೋತಾರೆ. ಹೇಗೂ ಅನ್ನ ಬೇಯಿಸಿ ಕೈ ಪಳಗಿದೆ.”

ಸೋಮವಾರ ಬೆಳಗ್ಗೆ, ಕೇಂದ್ರದ ಸಿಂಪಡಿಸುವ ಯಂತ್ರವನ್ನು ಹಿಂದಿರುಗಿಸಲು ಬೂಷ್ಟಪ್ಪ ಕೊನೆಯ ಬಾರಿಗೆ ವಿಜ್ಞಾನಿಯಾಗಿ ಮನೆಯ ಹೊಸ್ತಿಲು ದಾಟಿದ. ಮುಂದೆ ಬೀಸುಗಾಲು ಹಾಕುತ್ತ ಮೇಸ್ತ್ರಿಯಮ್ಮ. ಹಿಂದೆ, ಬೆನ್ನಿಗೆ ಖಾಲಿ ಯಂತ್ರ, ಕೈಯಲ್ಲಿ ಅವಳ ಊಟದ ಡಬ್ಬಿ.