ಬಿಚ್ಚಿಟ್ಟ ಕಾರನ್ನು ಮಾರಿದ್ದು

ಧೈರ್ಯವಂತರಿಗೆ ಹೆದರಲು ಏನಾದರೊಂದು ಕಾರಣ ಬೇಕು. ನನಗೆ ಅದೇನೂ ಬೇಕಿಲ್ಲ. ಆದರೂ ಕೊರೊನಾ ಬಂದ ವರ್ಷ ಕಾರಣವೂ ಸಿಕ್ಕಿತು. ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಮನೆಯ ಪೋರ್ಚಿನಲ್ಲಿ ಅಮೆರಿಕದ ಹಳೇ ಕಾರೊಂದಿತ್ತು. ಎಂಟು ಸಿಲಿಂಡರಿನ, ಗೂಳಿಯಂಥ ಕಾರು. ಹೊಸದರಂತೆ ಮಾಡುತ್ತೇನೆಂದು ಉತ್ಸಾಹದಿಂದ ಬಿಚ್ಚಿದ್ದೆ. ಜೋಡಿಸುವ ಉತ್ಸಾಹ ಇನ್ನೂ ಬಂದಿರಲಿಲ್ಲ. ಬಾನೆಟ್ ಹಾಲ್‌ನಲ್ಲಿ, ಕಾರ್ಬುರೇಟರ್ ಅಡಿಗೆಮನೆಯಲ್ಲಿ, ಇಡ್ಲಿ ಪಾತ್ರೆಯ ಪಕ್ಕ. ಎರಡು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಮ್ಮ ಲಾಕ್‌ಡೌನಿನಲ್ಲಿ ಇಲ್ಲೇ ಸಿಕ್ಕಿಕೊಂಡರು. ಅವರಿಗೆ ಉಬ್ಬಸ. ಪೆಟ್ರೋಲು, ಗ್ರೀಸಿನ ವಾಸನೆಗೆ ಅವರ ಎದೆ ಸುಂಯ್ ಎಂದಾಗಲೆಲ್ಲ ಇದು ಹಳೇ ಉಬ್ಬಸವೋ ಹೊಸ ರೋಗವೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. "ಕಾರು ಬೇಕೋ ಅತ್ತೆ ಬೇಕೋ, ಡಿಸೈಡ್ ಮಾಡಿ," ಎಂದಳು ಹೆಂಡತಿ ಸುಮನಾ. ಮಾರಲೇಬೇಕು, ಆದರೆ ಮಾರಲು ಕೊಳ್ಳುವವನು ಬರಬೇಕು, ಬಂದವನು ಏನು ಹೊತ್ತು ತರುತ್ತಾನೋ! ಅತ್ತ ದರಿ, ಇತ್ತ ಪುಲಿ.

ಓಡಾಟಕ್ಕೆ ಅನುಮತಿ ಸಿಕ್ಕ ವಾರವೇ ನಮ್ಮ ಜಾಹೀರಾತು ನೋಡಿ ರಹೀಮ್ ಎಂಬ ಮಲಯ್ ಮನುಷ್ಯ ಕಾರು ಕೊಳ್ಳಲು ಲಾರಿ ತಂದು ಗೇಟಿನ ಹೊರಗೆ ನಿಂತ. ಮೂತಿಗೆ ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ನನ್ನನ್ನು ಕಂಡು ಕೈಬೀಸಿ, "ಮಾರಿ, ಮಾರಿ!" ಎಂದ. ಮಲಯ್ ಭಾಷೆಯಲ್ಲಿ ಅದು 'ಬನ್ನಿ' ಎಂಬ ಕರೆ. ಇಲ್ಲಿಗೆ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ಆದರೆ ಹೆದರಿದ ಕಿವಿಗೆ ಕನ್ನಡವೇ ಮೊದಲು ಕೇಳಿಸುತ್ತದೆ. ಊರಿಗೆ ರೋಗ ತರುವ ಮಾರಿಯ ಹೆಸರನ್ನೇ ಕೂಗಿಕೊಂಡು ಬಂದಿದ್ದಾನೆ ಎನ್ನಿಸಿ ದಡಕ್ಕನೆ ಚಿಲಕ ಹಾಕಿದೆ.

ಕಿಟಕಿಯ ಬಳಿಯಿದ್ದ ಅಮ್ಮನ ಕಿವಿಗೆ ಬೇರೆಯೇ ಅರ್ಥ. "ಪಾಪ ಕಣೋ, 'ಮಾರಿ, ಮಾರಿ' ಅಂತ ಎಷ್ಟು ಮರ್ಯಾದೆಯಾಗಿ ಕೇಳ್ಕೋತಿದ್ದಾನೆ. ಮಾರ್ಬಿಡೋ."

"ಅಜ್ಜಿ, ಹೀ ಈಸ್ ಕಾಲಿಂಗ್ ಅಸ್ ಲಾ. ಮಾರಿ ಮೀನ್ಸ್ ಕಮ್," ಎಂದಳು ಇಲ್ಲಿಯವರಂತೆ ಮಾತಿನ ಕೊನೆಗೆ 'ಲಾ' ಸೇರಿಸುವ ನನ್ನ ಮಗಳು.

"ಕರೀತಿದ್ದಾನಾ? ಕರೆದ್ಮೇಲೆ ಹೋಗ್ದೆ ಇರಕ್ಕಾಗತ್ತೇನೇ?"

ಸೆರಗಿನಿಂದ ಮೂಗು ಮುಚ್ಚಿ, ಚಿಲಕ ತೆಗೆದು ಅಮ್ಮ ಹೊರಟೇಬಿಟ್ಟರು. ಎರಡನೆಯ ಮಾಸ್ಕು ಹುಡುಕಿ, ಬಾನೆಟ್ಟಿಗೆ ಎಡವಿ ನಾನು ಹೊರಗೆ ಬೀಳುವಷ್ಟರಲ್ಲಿ ಅವರು ಗೇಟಿನ ಬಳಿ ನಿಂತು ಕನ್ನಡದಲ್ಲೇ ವ್ಯಾಪಾರ ಕುದುರಿಸಿದ್ದರು. ಅವರ ಉಸಿರು ಸರಾಗವಾಗಿತ್ತು. ನಾನು ಬೆವರು ಸುರಿಸುತ್ತ, ಏದುಸಿರು ಬಿಡುತ್ತ, ಎಂಜಲು ನೆತ್ತಿಗೇರಿ ಕೆಮ್ಮುತ್ತ ಕಾರಿನ ಕೀ ಚಾಚಿದೆ. ರಹೀಮ್ ಅಮ್ಮನಿಗೆ ಎದೆ ಮುಟ್ಟಿ ನಮಸ್ಕರಿಸಿದ. ನನ್ನನ್ನು ನೋಡಿ ಹಿಂದೆ ಹಿಂದೆ ಸರಿದ. ಕೀಯನ್ನು ನೆಲದ ಮೇಲಿಡುವಂತೆ ಸನ್ನೆ ಮಾಡಿ, ಅದರ ಮೇಲೆ ಸ್ಯಾನಿಟೈಸರ್ ಹೊಡೆದ. ಆಮೇಲೆ ಸ್ವಲ್ಪ ಯೋಚಿಸಿ, ನನಗೂ ಹೊಡೆದ.